ಹೆಟ್ಟಿಯ ಸಹಿ

ಬ್ಯಾಲರಾಟಿನ ಟೌನ್ ಹಾಲಿನಲ್ಲಿ
ನಾಲ್ಕಕ್ಕೆ ಮೂರು ಕೂಡಿಸಿ
ಜುನಿಪರ್ ಏಳು ಸಲ ಗೊರಸು ಕುಟ್ಟಿತು.
ಆರು ಪೆನ್ನಿ ಕೊಟ್ಟವರೆಲ್ಲ ಹೋ ಎಂದರು.
ಹುಲ್ಲು ಹಾಕುವ ನನಗಷ್ಟೇ ಗೊತ್ತು,
ಏಳಕ್ಕೆ ಸರಿಯಾಗಿ
ಟನಿಕ್ಲಿಫ್ ಧಣಿಯ ಹ್ಯಾಟು ತುಸು ವಾಲಿದ್ದು.

ಬಾಗಿಲಲ್ಲಿ ದಯಾಸಂಘದವರ ಚೀಟಿ:
'ಮೂಕಪ್ರಾಣಿಯ ಮೇಲೆ ಕೈ ಎತ್ತೆ.'
ಸೌದೆ ಗಾಡಿಯವನ ಮಗಳು ಹೆಟ್ಟಿ
ನಾಲಗೆ ಕಚ್ಚಿಕೊಂಡು ಹೆಸರು ಬರೆದಳು.
ಕೊನೆಯಕ್ಷರದಲ್ಲಿ ಮಸಿ ಹರಡಿತು.

ಹೊರಗೆ ಅಪ್ಪನ ಗಾಡಿ, ಕೆಂಧೂಳು,
ಕೊರಳಪಟ್ಟಿಯಡಿ ಹಸಿ ಹುಣ್ಣು, ನೊಣ.
ಅವನು ಚಾವಟಿ ಎತ್ತಿದ,
ಅವಳು ಚೀಟಿ ಎತ್ತಿದಳು.

'ಏನೇ ಅದು?'
ಓದು ಬಾರದವನು ಕೇಳಿದ.
'ನನ್ನ ಸಹಿ.'

ಚಾವಟಿ ಬೀಸಲಿಲ್ಲ,
ಕೆಳಗೂ ಇಡಲಿಲ್ಲ.
ಮುದಿಗುದುರೆ ತನ್ನಷ್ಟಕ್ಕೆ
ಒಂದೇ ಒಂದು ಸಲ ಗೊರಸು ಕುಟ್ಟಿತು.
ಎದುರಿಗೆ
ಯಾರ ಹ್ಯಾಟೂ ವಾಲಿರಲಿಲ್ಲ.