ನಾಲ್ಕು ತಂತಿ, ಮೂರೂವರೆ ಬೆರಳು

ಚೌಬಾರಾದ ಹಿಂದಿನ ಓಣ್ಯಾಗ
ಖುರ್ಷೀದ್ ಚಾಚಾನ ಪೇಟಿ ರಿಪೇರಿ ಅಂಗಡಿ.
ಹರಿದ ಭಾತಿ, ಬಾಯಿ ಒಡೆದ ತಬಲಾ, ಸರಸಿನ ವಾಸನಿ,
ನಡುವ ಒಂದು ಮೊಳಿಗಿ ತೂಗಿ ಬಿದ್ದದ
ನೀಲಿ ಬಣ್ಣದ ಉಕುಲೇಲಿ.
ಗಿಟಾರ್ ಈದ ಮರಿ,
ಇನ್ನ ಕಣ್ಣ ಬಿಟ್ಟಿಲ್ಲ ಅನ್ಕೊಂಡೆ.

ಹದಿನೆಂಟು ನೂರ ಐವತ್ತು.
ಚೀಲ ಬ್ಯಾಡಂದ್ರ ನೂರು ಕಮ್ಮಿ.

ಅಂದ್ರ ನಮ್ಮ ಬಿದರಿ ಕಾರ್ಖಾನ್ಯಾಗ ಮೂರು ದಿನದ ಪಗಾರ,
ಇಲ್ಲಾ ಮನಿಗಿ ಎರಡು ಸಿಲಿಂಡರ್,
ಇಲ್ಲಾ ಝರಣಮ್ಮನ ಒಂದು ಮಾತು:
"ನಲವತ್ತೇಳಕ್ಕ ಇದೆಲ್ಲಿ ಹುಚ್ಚು ಬಕ್ಕಪ್ಪಾ?"
ಹೆಸರು ಹಿಡಿದು ಕರೆದಳಂದ್ರ
ಅದು ಎಲ್ಲಕ್ಕಿಂತ ತುಟ್ಟಿ.

ಯಾಕ ಬೇಕಂತ ನನಗೂ ಪೂರಾ ಗೊತ್ತಿಲ್ಲ.
ಮೂವತ್ತು ವರ್ಷ ಬೆಳ್ಳಿ ತಂತಿ ತಗ್ಗಿನಾಗ ಕೂಡಿಸಿ ಬಡದೀನಿ.
ಕೈ ಆರಕ್ಕ ಬಿಡ್ತದ, ಕಿವಿ ಬಿಡಂಗಿಲ್ಲ,
ದಿಂಬಿನ ಒಳಗೂ ಟಕ್ ಟಕ್ ಟಕ್.
ಬಡೀದೇ ಸಪ್ಪಳ ಮಾಡೋ ತಂತಿ
ಒಂದರ ಇರ್ಲಿ ಅನಸ್ತು.

ಎಡಗೈಯಿಂದು ಉಂಗುರ ಬೆರಳು ಅರ್ಧ
ಪಾಲಿಶ್ ಮಷೀನ್ ಒಯ್ದದ.
ಗಿಟಾರಿಗಿ ಆರು ತಂತಿ, ಅದು ನನ್ನ ಲೆಕ್ಕಕ್ಕ ಬರಂಗಿಲ್ಲ.
ನಾಲ್ಕಂದ್ರ ಸಾಲ ಮಾಡಿ ದಾಟಬಹುದು.

ತಗೊಂಡು ಬೆನ್ನು ಬಡದು ನೋಡ್ದೆ.
ಎರಕದ ಹೂಜಿ ಆದ್ರ ಒಳಗಿನ ಗುಳ್ಳಿ
ಬಡದ ಕೂಡ್ಲೇ ಚಾಡಿ ಹೇಳ್ತದ.
ಇದು ಪ್ಲೈವುಡ್. ಠಪ್ಪಂತು,
ಬಿಸ್ಕಿಟ್ ಡಬ್ಬಿಗಿ ಹೆಸರು ಕೇಳಿದಂಗ.
ಮ್ಯಾಲಿನ ತಂತಿ ದಪ್ಪ ಇರಬೇಕಿತ್ತು, ಸಣ್ಣ ಅದ.
"ತಪ್ಪು ಹಾಕ್ಯಾರ ಚಾಚಾ."
"ತಪ್ಪಲ್ಲೋ, ಅದರ ಚಾಲೇ ಹಂಗದ.
ತಪ್ಪು ಬ್ಯಾರೆ ಅದ. ಕೇಳು,
ಹೊಸಾ ತಂತಿ ಎಂಟು ದಿನ ಜಗ್ತದ,
ಶ್ರುತಿ ಮಾಡಿ ಚಹಾ ಕುಡದು ಬರೋದ್ರಾಗ ಇಳೀತದ.
ಕಿವಿ ತಿರುವಿಕೋತ ಕುಂಡ್ರಬೇಕು,
ಸಣ್ಣ ಹುಡುಗಂದು ತಿರುವಿದಂಗ."

ಮಾರೋ ಮನಶ್ಯಾ ಇಷ್ಟು ಖರೆ ಹೇಳಬಾರದು.

ಕಿಲ್ಲಾ ನೋಡ್ಲಾಕ ಬಂದವರು
ನನ್ನ ಡಬ್ಬಿ ಅಂಗೈ ಮ್ಯಾಲ ತೂಗಿ ಕೇಳ್ತಾರ,
ಇಷ್ಟ ಸಣ್ಣದಕ್ಕ ಇಷ್ಟ್ಯಾಕ ರೊಕ್ಕ?
ಹಲ್ಲು ಕಿಸ್ದು ಸುಮ್ನಾಗ್ತೀನಿ.
ಇವತ್ತು ಅದೇ ಪ್ರಶ್ನಿ
ತಲಿ ಕೆಳಗಾಗಿ ನನ್ನ ಬಾಯಾಗ ಬಂತು:
ಇಷ್ಟೆಲ್ಲಾ ಕೆಲಸಕ್ಕ ಇಷ್ಟ ಕಮ್ಮಿ ಯಾಕ?
ಹನ್ನೆರಡು ಹಿತ್ತಾಳಿ ಪಟ್ಟಿ ಕೂಡಿಸಿದವಗ
ಏನು ಸಿಕ್ಕಿರಬೇಕು?
ಚಾಚಾ ಕೇಳಿಸ್ಲಿಲ್ಲ ಅನ್ನಂಗ ಪೇಟಿ ಧೂಳಾ ಊದ್ದ.

ಕುತ್ತಿಗಿ ಮ್ಯಾಲ ಕೈ ಜಾರಿಸ್ದೆ. ಚುರ್ ಅಂತು.
ಪಟ್ಟಿ ತುದಿ ಒಂದೂ ಉಜ್ಜಿಲ್ಲ,
ಬೆಕ್ಕಿನ ಉಗುರಂಗ ಹೊರಗ ಬಂದಾವ.
ಅವನಿಗಿ ಆ ಅರ್ಧ ತಾಸಿಂದು ಕೂಲಿ ಯಾರೂ ಕೊಟ್ಟಿಲ್ಲ.
ಕಿಸೆದಾಗ ಅರ ಇತ್ತು, ಸಣ್ಣದು, ಇಲಿ ಬಾಲದಂಥದು.
ಕೇಳ್ದೇ ಕುಂತೆ, ಉಜ್ಜಿದೆ.
ಒಂದೊಂದು ತುದಿ ನಾಲಿಗಿಗಿ ಹಚ್ಚಿ ನೋಡ್ದೆ,
ಕಿಲ್ಲಾದ ಮಣ್ಣು ನೋಡೋ ರೂಢಿ, ಹೋಗಂಗಿಲ್ಲ.

ಚಾಚಾ ಚಷ್ಮಾ ಏರಿಸ್ದ, ಬೆರಳಾಡ್ಸಿದ.
"ಇಂಥವು ಒಳಗ ಇನ್ನ ಮೂರು ಅವ.
ಒಂದು ಹುಡುಗಿ ಕೈ ಕೊಯ್ಸಿಕೊಂಡು ವಾಪಸ್ ಕೊಟ್ಟು ಹೋಗ್ಯಾಳ."
ರೇಟಿನ ಮಾತು ಅವನೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ.
ಮೂರೂ ತಂದು ಮುಂದ ಇಟ್ಟ:
ಒಂದು ಕೆಂಪು, ಒಂದು ಹಳದಿ,
ಒಂದಕ್ಕ ಬಣ್ಣಾನೇ ಇಲ್ಲ, ಬರೀ ಕಟಗಿ.

ತೆಳಗಿನ ತಂತಿ, ಮೂರನೇ ಮನಿ,
ಒಂದೇ ಬೆರಳು ಒತ್ತಿದ್ರ ಸಾಕು, ಮೊದಲನೇ ಪಾಠ ಅಂತ.
ಅರ್ಧ ಬೆರಳಿಲೆ ಒತ್ತಿದೆ, ಬುಸ್ಸಂತು.
ಕಿರುಬೆರಳಿಲೆ ಒತ್ತಿದೆ.

ಹೊರಗ ದೀಪ ಹತ್ಯಾವ.
ಝರಣಮ್ಮಂದು ಎರಡು ಸಲ ಫೋನ್ ಬಂದು ನಿಂತದ.
ತೊಡಿ ಮ್ಯಾಲ ಹಿತ್ತಾಳಿ ಪುಡಿ.
ಬಣ್ಣಿಲ್ಲದ್ದು ಕೈಯಾಗ ಅದ, ಇನ್ನ ಏಳು ಪಟ್ಟಿ ಉಳದಾವ,
ಅರ ಎಳದಂಗೆಲ್ಲಾ ಅದರ ತಂತಿ
ತಾನೇ ಸಣ್ಣಗ ಗುಂಯ್ ಅನ್ಲತದ.