ಮೂರು ದಿನದ ಕತ್ತಲೆ

ಓಸ್ಟ್ರಾವದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರ.
ಅದಕ್ಕೇ ಇರಬೇಕು, ನನ್ನವನು ಅದನ್ನು ಕೊಂಡು ತಂದ,
ನಾಲ್ಕನೆಯ ಮಹಡಿಗೆ, ಬಕೆಟ್ಟಿನಲ್ಲಿ, ಪುಡಿಯಾಗಿ.
ಸೋಸಿದ ನೀರಿಗೆ ಉಪ್ಪು ಸುರಿದು, ಕದಡಿ, ಅಳೆದು
ಮೂರು ಮೊಳದ ಗಾಜಿಗೆ ಸಮುದ್ರವೆಂದು ಹೆಸರಿಟ್ಟ.
ಗಣಿ ಮುಚ್ಚಿದ ವರ್ಷ ಅದು.
ಪಿಂಚಣಿಯ ಮೊದಲ ಕಂತು
ಎರಡು ತುಂಡು ಹವಳವಾಯಿತು.

ಚಳಿಗಾಲ ಕಳೆಯುವ ಮೊದಲೇ ಬಂತು ಹಾವಸೆ.
ಮೊದಲು ಪಂಪಿನ ಮೂತಿಗೆ ಮೀಸೆ ಚಿಗುರಿದ ಹಾಗೆ;
ಆಮೇಲೆ ಬಂಡೆಗಳಿಗೆಲ್ಲ ತಲೆಗೂದಲು, ಗಡ್ಡ.
ಹವಳ ಬಾಯಿ ಮುಚ್ಚಿಕೊಂಡಿತು,
ನೆಂಟರ ಗದ್ದಲದಲ್ಲಿ ಮನೆಯ ಹುಡುಗಿ ಸುಮ್ಮನಾಗುವಂತೆ.

ಲುಬೊಮೀರ್ ಹಲ್ಲುಜ್ಜುವ ಬ್ರಷ್ಷು ಹಿಡಿದು ಇಳಿದ,
ಮೊಣಕೈವರೆಗೆ.
ಉಜ್ಜಿದಷ್ಟೂ ನೀರೆಲ್ಲ ಹಸಿರು ದೂಳು.
"ಕಿತ್ತದ್ದನ್ನು ಹೊರಗೆಳೆಯಬೇಕು,
ಒಳಗೇ ಬಿಟ್ಟರೆ ಬಿತ್ತಿದ ಹಾಗೆ" ಅಂದವನು
ಕೊಳವೆಯ ತುದಿ ತುಟಿಗಿಟ್ಟು ಎಳೆದ,
ಒಂದು ಗುಟುಕು ಕುಡಿದೂಬಿಟ್ಟ.
ಉಪ್ಪು ತಿಂದವ ನೀರು ಕುಡಿಯಲೇಬೇಕು;
ಇವನಿಗೆ ಎರಡೂ ಒಂದೇ ಗುಟುಕಿನಲ್ಲಿ.

ಹನ್ನೆರಡು ಶಂಖದ ಹುಳು ತರಿಸಿದ.
ಮೇಯುತ್ತ ಮೇಯುತ್ತ ಬಂಡೆಯಿಂದ ಜಾರಿ
ಅಂಗಾತ ಬೀಳುತ್ತವೆ, ಮಗುಚಿಕೊಳ್ಳಲು ಬಾರದು.
ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಹೋಗಿ
ಒಂದೊಂದನ್ನೂ ಎತ್ತಿ ಕೂರಿಸಿ ಬರುತ್ತಾನೆ.
ಮಕ್ಕಳು ತೊಟ್ಟಿಲಲ್ಲಿ ಅಳುತ್ತಿದ್ದ ಕಾಲದಲ್ಲಿ
ಇವನದು ಯಾವಾಗಲೂ ರಾತ್ರಿ ಪಾಳಿ.

ಕೆಳಗಿನ ದಿನಸಿ ಅಂಗಡಿಯ ತ್ವಾನ್ ಬಂದು ಬಗ್ಗಿ ನೋಡಿದ.
ಅವನ ಅಜ್ಜಿಯ ಊರಿನ ಕಡಲಂಚಿನಲ್ಲಿ
ಪಾಚಿಯನ್ನು ತೊಳೆದು ಹುಳಿ ಹಿಂಡಿ ತಿನ್ನುತ್ತಿದ್ದರಂತೆ.
"ಇದನ್ನೇ?"
ಬ್ರಷ್ಷನ್ನು ಮೂಸಿದ. "ಇದನ್ನಲ್ಲ."

ಒಂದು ಭಾನುವಾರ ಪುಟ್ಟ ಸೀಸೆಗೆ ನೀರು ತುಂಬಿ
ಆರು ಹನಿ ಬಿಟ್ಟು, ಪುಡಿ ಹಾಕಿ, ಕುಲುಕಿ
ಕಿಟಕಿಗೆ ಹಿಡಿದ. ನೀಲಿ.
ಅಂಥ ಬಣ್ಣದ ಬಟ್ಟೆ ಸಿಕ್ಕಿದ್ದರೆ ನಾನು ಹೊಲಿಸಿಕೊಳ್ಳುತ್ತಿದ್ದೆ.
"ಫಾಸ್ಫೇಟು" ಅಂದ,
ಹಿಂದೆ "ಗ್ಯಾಸು" ಅನ್ನುತ್ತಿದ್ದ ಅದೇ ದನಿಯಲ್ಲಿ.
"ಎಲ್ಲಿಂದಲೋ ಒಳಗೆ ಬರುತ್ತಿದೆ."
ನಾನು ಒಲೆಯ ಕಡೆ ತಿರುಗಿದೆ.

ಆ ರಾತ್ರಿ ದೀಪ ಆರಿಸಿ
ಗಣಿಯ ಕಾಲದ ಬೂದು ಕಂಬಳಿ ತೆಗೆದು
ಕಡಲನ್ನು ಸುತ್ತಿದ, ಒಂದು ಸೂಜಿಬೆಳಕೂ ನುಗ್ಗದಂತೆ.
ಮೂರು ದಿನ. ಬೆಳಕಿಲ್ಲ, ತಿಂಡಿಯಿಲ್ಲ.
ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ,
ಪಂಪಿನ ಸದ್ದಿಗೆ ಕಿವಿಗೊಟ್ಟು.
ಕತ್ತಲೆಯೊಳಗಿನದೆಲ್ಲ ಇವನಿಗೆ ಗೊತ್ತು.
ಕತ್ತಲೆಯ ಹೊರಗೆ ಕೂತು ಕಾಯುವುದು ಗೊತ್ತಿರಲಿಲ್ಲ,
ಒಳಗೆ ಯಾರು ಉಸಿರಾಡುತ್ತಿದ್ದಾರೆ, ಯಾರಿಲ್ಲ
ಎಂದು ಗೋಡೆ ನೋಡುತ್ತ.
ಅದು ಮೂವತ್ತೊಂದು ವರ್ಷ ನನ್ನ ಕೆಲಸ.
ಎರಡನೆಯ ರಾತ್ರಿ "ನಿನಗೆ ಹೀಗೇ ಆಗುತ್ತಿತ್ತಾ?" ಅಂದ.
ಸೂಪು ಆರುತ್ತದೆ, ಕುಡಿ ಎಂದೆ.

ಮೂರನೆಯ ಸಂಜೆ ನಾನೇ ಬಾಯಿಬಿಟ್ಟೆ:
ನೀನು ಮಲಗಿದ್ದಾಗ, ದಿನಾ ಬೆಳಿಗ್ಗೆ,
ಮೀನುಗಳು ಗಾಜಿಗೆ ಮೂತಿ ಒತ್ತಿ ನೋಡುತ್ತಿದ್ದವು.
ಸೀಗಡಿಯ ಗಟ್ಟಿ ಒಂದೊಂದು. ಕೆಲವು ದಿನ ಎರಡು.
ಹಸಿದವರಿಗೆ ಹಾಕುವುದೂ ತಪ್ಪೆ?

ಕಂಬಳಿಯ ಗಂಟು ಬಿಚ್ಚುತ್ತಲೇ ಇದ್ದ.
"ಗೊತ್ತು. ಫ್ರಿಜ್ಜಿನಲ್ಲಿ ಎಣಿಸಿದ್ದೇನೆ."
ಪಂಜರದಿಂದ ಮೇಲೆ ಬಂದ ತಲೆಗಳನ್ನು
ದಿನಾ ಎಣಿಸುತ್ತಿದ್ದವನು;
ಅವನಿಂದ ಸೀಗಡಿ ಬಚ್ಚಿಡುವುದುಂಟೆ?

ಹಾವಸೆ ನರೆತಿತ್ತು.
ಮುಟ್ಟಿದರೆ ಬಿಡುವಷ್ಟು ಸಡಿಲ, ಎಲ್ಲ ಕಡೆ ಅಲ್ಲ.
ಪಂಪಿನ ಹಿಂದೆ ಒಂದು ಹಿಡಿ ಇನ್ನೂ ಹಸಿರು, ಹಟಮಾರಿ.
ಹವಳದ ಒಂದು ಬಾಯಿ ಅರೆ ತೆರೆದಿತ್ತು.
ನನ್ನ ಕೈಗೆ ಕಾಫಿ ಚಮಚೆ ಕೊಟ್ಟ:
"ಇದರಲ್ಲಿ ಅರ್ಧ. ದಿನ ಬಿಟ್ಟು ದಿನ. ನೀನೇ ಹಾಕು."
ಬ್ರಷ್ಷು ತರಲು ಹೋದ.

ಮೂಲೆಯಲ್ಲಿ ಒಂದು ಹುಳು ಅಂಗಾತ ಬಿದ್ದಿತ್ತು.
ತೋಳು ಮಡಿಸಿ ಕೈ ಇಳಿಸಿದೆ, ಅದನ್ನು ಕೂರಿಸಲು.
ಕಡಲಿಗೆ ನಾನು ಕೈಯಿಟ್ಟದ್ದು ಅದೇ ಮೊದಲು.
ಇಷ್ಟು ಬೆಚ್ಚಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.