ಎಡಗಡೆ ಒಂದು ಮೊಳ

ಕೂತುಕೋ ತಿಯಾಮಿಯು, ಟೀ ಆರಲಿ.
ನಾಳೆ ಮೊದಲ ಸಲ ನಿನ್ನ ಕೈಗೆ ದೊಡ್ಡ ಕ್ಯಾಮೆರಾ.
ಇಬಾದಾನಿನಲ್ಲಿ ಮೂವತ್ತೊಂದು ವರ್ಷ
ಬೇರೆಯವರ ಮದುವೆಗೆ ಹೋಗಿ ಹೋಗಿ
ನನ್ನ ಮೊಣಕಾಲು ಕಲಿತದ್ದನ್ನು ಹೇಳುತ್ತೇನೆ.

ಬ್ಯಾಟರಿ ನಾಲ್ಕು. ಈಗಲೇ ಚಾರ್ಜಿಗೆ ಹಾಕು.
ರಾತ್ರಿಯ ಕರೆಂಟನ್ನು ನಂಬಿದವರು
ಬೆಳಿಗ್ಗೆ ಜನರೇಟರ್ ಇರುವ ಕ್ಷೌರದಂಗಡಿ ಹುಡುಕಿ ಓಡುತ್ತಾರೆ.
ಓಡಿದ್ದೇನೆ.

ಕಾರ್ಡಿನಲ್ಲಿ ಹತ್ತು ಗಂಟೆ ಅಂತಿದೆ.
ಹತ್ತಕ್ಕೆ ಅಲ್ಲಿ ಕುರ್ಚಿ ಒರೆಸುವವನೊಬ್ಬನೇ ಇರುತ್ತಾನೆ.
ನೀನು ಎಂಟಕ್ಕೆ ಹೋಗಿ ಅವನ ಹೆಸರು ಕೇಳಿಕೋ;
ಮಧ್ಯಾಹ್ನ ಕುರ್ಚಿ ಹತ್ತಿ ನಿಲ್ಲಬೇಕಾದಾಗ
ನಿನ್ನ ಲೆನ್ಸಿಗಿಂತ ಆ ಹೆಸರು ದೂರ ಚಾಚುತ್ತದೆ.

ಗೆಲೆ ಕಟ್ಟುವ ಕೋಣೆಗೆ ನಾನು ಹೋಗುತ್ತೇನೆ, ನೀನು ಬೇಡ.
ತಲೆವಸ್ತ್ರ ಮಡಿಕೆ ಮಡಿಕೆಯಾಗಿ ಏರುವಾಗ
ಹೆಂಗಸರು ಗುಂಡುಸೂಜಿ ಕಚ್ಚಿಕೊಂಡೇ ಊರ ಸುದ್ದಿ ಆಡುತ್ತಾರೆ.
ಅದು ಫೋಟೋದಲ್ಲಿ ಬರುವುದಿಲ್ಲ, ಬರಲೂಬಾರದು.

ಹರ್ಮಟಾನ್ ಗಾಳಿ ಎದ್ದಿದೆ. ಬೈಯಬೇಡ.
ಮರುಭೂಮಿಯ ಧೂಳು ಬಿಸಿಲನ್ನು ಜರಡಿ ಹಿಡಿಯುತ್ತದೆ,
ಕೆನ್ನೆಯ ಮೇಲೆ ಬೆಳಕು ಬೆಣ್ಣೆಯ ಹಾಗೆ ಕೂರುತ್ತದೆ.
ಲೆನ್ಸು ಮಾತ್ರ ಗಂಟೆಗೊಮ್ಮೆ ಒರೆಸು,
ಅಂಗಿಯ ತುದಿಯಲ್ಲಲ್ಲ, ಎಷ್ಟು ಸಲ ಹೇಳಲಿ.
ಬಿಳಿ ಲೇಸು ಕಂಡರೆ ಕ್ಯಾಮೆರಾಗೆ ಗಾಬರಿ,
ನಮ್ಮ ಮುಖಗಳನ್ನು ಮಸಿ ಮಾಡಿಬಿಡುತ್ತದೆ.
ಅದರ ಮಾತು ಕೇಳಬೇಡ. ಮುಖಕ್ಕೆ ಅಳತೆ ಹಿಡಿ,
ಬಿಳಿ ಬೇಕಾದರೆ ಸುಟ್ಟುಹೋಗಲಿ.

ವರನ ಗೆಳೆಯರು ಸಾಲಾಗಿ ನೆಲಕ್ಕೆ ಅಡ್ಡಬೀಳುತ್ತಾರಲ್ಲ,
ಆಗ ಎಲ್ಲರೂ ಅವರ ಬೆನ್ನು ತೆಗೆಯುತ್ತಾರೆ.
ನೀನೂ ಮಲಗು. ಪ್ಯಾಂಟು ತೊಳೆದರಾಯಿತು.
ಒಬ್ಬನಾದರೂ ನಗು ತಡೆಯಲಾರದೆ ಒದ್ದಾಡುತ್ತಿರುತ್ತಾನೆ:
ಆಲ್ಬಮ್ಮಿನ ಮೂರನೆಯ ಪುಟ ಅವನದು.

ನೋಟು ಎರಚುವಾಗ ಕೆಳಗೆ ನೋಡು.
ಹಣೆಗೆ ಅಂಟಿದ ನೈರಾ ಎಲ್ಲರ ಫೋನಿನಲ್ಲೂ ಇರುತ್ತದೆ;
ಕುಣಿಯುವ ಕಾಲುಗಳ ನಡುವೆ, ಚೀಲ ಹಿಡಿದು ಬಾಚುವ
ಎಂಟು ವರ್ಷದ ಹುಡುಗಿಯ ಮುಖದಲ್ಲಿ
ಬ್ಯಾಂಕ್ ಮ್ಯಾನೇಜರಿಗೂ ಇಲ್ಲದ ಗಾಂಭೀರ್ಯ.

ಡೋಲಿನವನು ನಿನ್ನ ಹೆಸರನ್ನೇ ಬಾರಿಸಿದರೆ ನಾಚಬೇಡ,
ಇನ್ನೂರು ಕೊಡು. ಲೆಕ್ಕಕ್ಕೆ ಬರೆ.

ಈಗ ಪಟ್ಟಿ. ಗುಂಪು ಫೋಟೋ ಹದಿನಾಲ್ಕು.
ವಧುವಿನ ತಾಯಿಯ ಜೊತೆ ಕೂತು ಬರೆದದ್ದು:
ಅಜ್ಜಿ ಮೊದಲು, ಅವರಿಗೆ ಕುರ್ಚಿ; ಎರಡನೆಯ ಹೆಂಡತಿಯ ಮಕ್ಕಳು
ಬೇರೆ ಸಾಲಲ್ಲ, ಅದೇ ಸಾಲು, ಅಂತ ಎರಡು ಸಲ ಹೇಳಿದಳು.
ಯಾರು ಬರುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ.
ಯಾರು ಬರುವುದಿಲ್ಲ ಅಂತಲೂ ಕೇಳು.
ಕೇಳಿ, ಪೆನ್ನು ಕೆಳಗಿಡು.

ವಧುವಿನ ಹೆಸರು ತೈವೊ.
ನನಗೆ ಆಗಲೇ ಹೊಳೆಯಬೇಕಿತ್ತು:
ಅವಳಿಯ ಹೆಸರು ಒಂಟಿಯಾಗಿ ಹುಟ್ಟುವುದಿಲ್ಲ,
ತೈವೊ ಇದ್ದರೆ ಬೆನ್ನಿಗೊಬ್ಬಳು ಕೆಹಿಂದೆ.
ಆರನೆಯ ವರ್ಷಕ್ಕೆ ಜ್ವರ.

ಅಪ್ಪನ ಕಾಲದಲ್ಲಿ ಇಂಥ ತಾಯಂದಿರು
ಉಳಿದ ಮಗುವಿನ ಕೈಹಿಡಿದು ಸ್ಟುಡಿಯೋಗೆ ಬರುತ್ತಿದ್ದರು.
ಅಪ್ಪ ಆ ಒಂದು ಮಗುವನ್ನೇ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೂರಿಸಿ,
ಕತ್ತಲಕೋಣೆಯಲ್ಲಿ ಒಂದೇ ಕಾಗದದ ಮೇಲೆ
ಇಬ್ಬರನ್ನು ಎಬ್ಬಿಸುತ್ತಿದ್ದ.
ನಡುವಿನ ಗೆರೆ ಮುಚ್ಚಲು ಬೆಕ್ಕಿನ ಮೀಸೆಯಷ್ಟು ತೆಳು ಕುಂಚ;
ನನ್ನ ಡ್ರಾಯರಿನಲ್ಲಿ ಈಗಲೂ ಇದೆ.

ಹಾಗೆ ಮಾಡಲೇ, ಅಂದೆ,
ಈಗ ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ.
ಆಕೆ ಬಟ್ಟೆಯ ಅಂಚು ಮಡಚಿದಳು, ಬಿಚ್ಚಿದಳು, ಮಡಚಿದಳು.
‘ಬೇಡ. ನನ್ನವಳಿಗೆ ಆರು ವರ್ಷ.
ಇಪ್ಪತ್ತೇಳರ ಮುಖ ಇಟ್ಟರೆ ನನಗೆ ಗುರುತು ಸಿಗುವುದಿಲ್ಲ.’

ಅದಕ್ಕೇ ಒಂಬತ್ತನೆಯ ಫೋಟೋ, ಬರೆದುಕೋ:
ತಾಯಿ, ತೈವೊ, ತಮ್ಮ ಇದೋವು.
ತೈವೊಳ ಎಡಗಡೆ ಒಂದು ಮೊಳ ಜಾಗ ಬಿಡು.
ಯಾರೋ ಚಿಕ್ಕಪ್ಪ ತುಂಬಲು ಬರುತ್ತಾನೆ, ಬಂದೇ ಬರುತ್ತಾನೆ,
ಖಾಲಿ ಕಂಡರೆ ನಮ್ಮ ಜನಕ್ಕೆ ತಡೆಯುವುದಿಲ್ಲ.
ಬೆಳಕು ಸರಿಯಿಲ್ಲ ಅಂತ ಹೇಳಿ ಅಲ್ಲೇ ನಿಲ್ಲಿಸು.
ಕಾರಣ ಕೇಳಿದರೆ ಬೆಳಕನ್ನೇ ದೂರು.

ಮತ್ತೆ, ಅಭ್ಯಾಸಬಲದಿಂದ
ಸೊಂಟಕ್ಕೆ ಕತ್ತರಿಸಬೇಡ ಫ್ರೇಮನ್ನು,
ಪಾದದವರೆಗೂ ಬರಲಿ.
ಆರು ವರ್ಷದವಳು ಎಷ್ಟು ಎತ್ತರ ಇರುತ್ತಾಳೆ, ಹೇಳು.